ಗಾಳಿ ಮತ್ತು ಗಾಲಿ



ಸೈಕಲ್ ಪಂದ್ಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಒಂಟಿ ಸವಾರನ ಚಿತ್ರ. ಬಾಗಿದ ಬೆನ್ನು, ಬಿಗಿದ ತೊಡೆ, ಗುರಿಯಲ್ಲಿ ನೆಟ್ಟ ದೃಷ್ಟಿ. ಯಾರ ಕಾಲಿನಲ್ಲಿ ಕಸುವು ಹೆಚ್ಚೋ ಅವನು ಗೆಲ್ಲುತ್ತಾನೆ. ಇದರಲ್ಲಿ ಯೋಚಿಸುವಂಥದು ಏನಿದೆ ಎಂದು ಕೇಳುವವರುಂಟು. ನೂರು ಮೀಟರಿನ ಓಟಕ್ಕೆ ಈ ಮಾತು ಒಪ್ಪೀತು. ರಸ್ತೆಯ ಮೇಲಿನ ಸೈಕಲ್ ಪಂದ್ಯಕ್ಕೆ ಒಪ್ಪುವುದಿಲ್ಲ. ಅಲ್ಲಿ ಸವಾರನ ಮೊದಲ ಎದುರಾಳಿ ಪಕ್ಕದ ಸವಾರನಲ್ಲ, ಎದುರಿನಿಂದ ಬರುವ ಗಾಳಿ.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವವನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಆದರೆ ಅವನ ಹಿಂದಿನ ಗಾಲಿಗೆ ಒಂದು ಗೇಣಿನ ಅಂತರದಲ್ಲಿ ತನ್ನ ಮುಂದಿನ ಗಾಲಿಯನ್ನಿಟ್ಟು ಬರುವವನಿಗೆ ಸುಮಾರು ಮೂರರಲ್ಲೊಂದು ಪಾಲು ಶ್ರಮ ಉಳಿಯುತ್ತದೆ. ಮುಂದಿನವನು ಗೋಡೆ, ಹಿಂದಿನವನಿಗೆ ಅದರ ಮರೆ. ಸೈಕಲ್ ಪಂದ್ಯದ ಎಲ್ಲ ತಂತ್ರವೂ, ಎಲ್ಲ ನೀತಿಯೂ ಈ ಒಂದು ಸಂಗತಿಯಿಂದ ಹುಟ್ಟಿದುದು.

ವಿಜಯಪುರದ ಸುತ್ತಣ ಬಯಲು ಈ ಪಾಠಕ್ಕೆ ಹೇಳಿ ಮಾಡಿಸಿದ ಶಾಲೆ. ಎರೆಯ ಹೊಲ, ಬಿಳಿಜೋಳ, ಮರವಿಲ್ಲದ ನೇರ ರಸ್ತೆ, ಬಿಡದೆ ಬೀಸುವ ಗಾಳಿ. ಆ ಸೀಮೆಯ ಹುಡುಗರು ಬೆಳಗಿನ ಜಾವದಲ್ಲಿ ಸಾಲುಗಟ್ಟಿ ಅಭ್ಯಾಸ ಮಾಡುವುದನ್ನು ನಾನು ಎಷ್ಟೋ ಸಲ ರಸ್ತೆಬದಿಯಲ್ಲಿ ನಿಂತು ನೋಡಿದ್ದೇನೆ. ಮುಂದಿನವನು ಸ್ವಲ್ಪ ಹೊತ್ತು ಎಳೆದು, ಪಕ್ಕಕ್ಕೆ ಸರಿದು, ಸಾಲಿನ ಕೊನೆಗೆ ಸೇರುತ್ತಾನೆ. ಎರಡನೆಯವನು ಮೊದಲಿಗನಾಗುತ್ತಾನೆ. ಗಾಳಿ ಓರೆಯಾಗಿ ಬೀಸಿದರೆ ಸಾಲೂ ಬೆಳ್ಳಕ್ಕಿಗಳ ಸಾಲಿನಂತೆ ಓರೆಯಾಗುತ್ತದೆ. ಒಮ್ಮೆ ಅವರಲ್ಲೊಬ್ಬ ಹುಡುಗನನ್ನು ಮಾತನಾಡಿಸಿದೆ. ಅವನೆಂದ: "ಗಾಳಿ ಅಂದ್ರ ಏನಂತ ಮುಂದ ಇದ್ದಾಂವಗ ಅಷ್ಟ ಗೊತ್ತರಿ ಸರ್. ಹಿಂದಿನಾಂವಗ ಬರೇ ಗಾಲಿ ಕಾಣ್ತದ." ಗಾಳಿಗೂ ಗಾಲಿಗೂ ನಡುವೆ ಒಂದು ಅಕ್ಷರದ ಅಂತರ. ಪಂದ್ಯದಲ್ಲಿ ಸೋಲಿಗೂ ಗೆಲವಿಗೂ ಇರುವ ಅಂತರ ಬಹುಮಟ್ಟಿಗೆ ಅಷ್ಟೇ.

ನಮ್ಮ ಒಕ್ಕಲುತನದಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟು. ಇಂದು ನಾನು ನಿನ್ನ ಹೊಲಕ್ಕೆ ಬಂದು ದುಡಿದರೆ, ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ಸೈಕಲ್ ಪಂದ್ಯದಲ್ಲಿ ಈ ಮುಯ್ಯಿ ಒಂದೇ ತಂಡದವರ ನಡುವೆ ಮಾತ್ರವಲ್ಲ, ಎದುರಾಳಿಗಳ ನಡುವೆಯೂ ನಡೆಯುತ್ತದೆ. ನಾಲ್ಕು ತಂಡಗಳ ನಾಲ್ವರು ಗುಂಪನ್ನು ಬಿಟ್ಟು ಮುಂದೆ ಧಾವಿಸಿದರೆನ್ನಿ. ಹಿಂದಿನ ಗುಂಪು ತಮ್ಮನ್ನು ನುಂಗದಿರಬೇಕಾದರೆ ನಾಲ್ವರೂ ಸರದಿಯಂತೆ ಗಾಳಿಗೆ ಎದೆಯೊಡ್ಡಬೇಕು. ಕೊನೆಯ ಕಿಲೋಮೀಟರಿನ ತನಕ ಅವರು ಸಹೋದರರು; ಆಮೇಲೆ ಶತ್ರುಗಳು. ಸರದಿಯನ್ನು ತಪ್ಪಿಸಿ ಮರೆಯಲ್ಲೇ ಉಳಿಯುವವನನ್ನು ಉಳಿದವರು ಕ್ಷಮಿಸುವುದಿಲ್ಲ.

ಆದರೆ ಸರದಿ ತಪ್ಪಿಸುವುದೇ ಧರ್ಮವಾಗುವ ಸಂದರ್ಭವೂ ಒಂದಿದೆ. 2019ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಕಿರಿಯರ ಪಂದ್ಯ ರಿಚ್ಮಂಡಿನಿಂದ ಹ್ಯಾರೊಗೇಟಿಗೆ, ಸುಮಾರು 148 ಕಿಲೋಮೀಟರ್. ಇನ್ನೂ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಇರುವಾಗಲೇ ಅಮೆರಿಕದ ಕ್ವಿನ್ ಸಿಮ್ಮನ್ಸ್ ಒಬ್ಬನೇ ಮುಂದೆ ನುಗ್ಗಿದ. ಬೆನ್ನಟ್ಟುವವರ ನಡುವೆ ಅವನ ತಂಡದವನೇ ಆದ ಮ್ಯಾಗ್ನಸ್ ಶೆಫೀಲ್ಡ್ ಇದ್ದ. ಅಂಥ ಜಾಗದಲ್ಲಿರುವವನಿಗೆ ಎಳೆಯುವ ಋಣವಿಲ್ಲ. ಅವನು ಎಳೆದರೆ ತನ್ನ ಗೆಳೆಯನನ್ನೇ ಹಿಡಿದುಕೊಟ್ಟಂತೆ. ಅವನು ಸುಮ್ಮನಿದ್ದರೆ ಉಳಿದವರ ಮನಸ್ಸಿನಲ್ಲಿ, ನಾವು ದುಡಿದು ಇವನನ್ನೇಕೆ ಹೊತ್ತೊಯ್ಯಬೇಕು ಎಂಬ ಸಂಶಯ ಮೊಳೆಯುತ್ತದೆ. ಸಂಶಯ ಮೊಳೆತಲ್ಲಿ ವೇಗ ಕುಗ್ಗುತ್ತದೆ. ಸಿಮ್ಮನ್ಸ್ ಗೆದ್ದ. ಸುಮಾರು ಒಂದು ನಿಮಿಷದ ಮೇಲೆ ಇಟಲಿಯ ಅಲೆಸ್ಸಿಯೋ ಮಾರ್ಟಿನೆಲ್ಲಿ ಎರಡನೆಯವನಾಗಿ ಬಂದ, ಶೆಫೀಲ್ಡ್ ಮೂರನೆಯವನಾದ. ಒಬ್ಬನ ಓಟ, ಇನ್ನೊಬ್ಬನ ಸಂಯಮ: ಒಂದೇ ತಂಡಕ್ಕೆ ಎರಡು ಪದಕ.

ಕಿರಿಯರು ಎಂದರೆ ಹದಿನೇಳು ಹದಿನೆಂಟರ ಪ್ರಾಯದವರು. ಆ ಪಂದ್ಯದಲ್ಲಿ ತರಬೇತುದಾರನ ಮಾತನ್ನು ಕಿವಿಗೆ ತಲುಪಿಸುವ ಯಂತ್ರವೂ ಇರಲಿಲ್ಲ. ನುಗ್ಗಬೇಕೋ ಕಾಯಬೇಕೋ, ಗೆಳೆಯನಿಗಾಗಿ ದುಡಿಯಬೇಕೋ ತನಗಾಗಿ ಉಳಿಸಿಕೊಳ್ಳಬೇಕೋ ಎಂಬುದನ್ನು ಏದುಸಿರಿನ ನಡುವೆ ಆ ಹುಡುಗರೇ ನಿರ್ಣಯಿಸಬೇಕು. ಮೇಲಾಗಿ 2022ರ ಕೊನೆಯ ವರೆಗೆ ಕಿರಿಯರಿಗೆ ಅಂತರರಾಷ್ಟ್ರೀಯ ನಿಯಮವೊಂದಿತ್ತು: ಪೆಡಲನ್ನು ಒಂದು ಸುತ್ತು ತುಳಿದರೆ ಸೈಕಲು 7.93 ಮೀಟರಿಗಿಂತ ಹೆಚ್ಚು ದೂರ ಹೋಗಕೂಡದು. ಎಳೆಯ ಮೊಣಕಾಲುಗಳ ರಕ್ಷಣೆ ಅದರ ಒಂದು ಉದ್ದೇಶ. ಭಾರಿ ಗೇರಿನ ಬಲದಿಂದಲೇ ಉಳಿದವರನ್ನು ಹಿಂದಿಕ್ಕುವ ದಾರಿ ಹೀಗೆ ಮುಚ್ಚಿದ್ದರಿಂದ ಜೊತೆಗಾರರ ಬೆಲೆ ಇನ್ನಷ್ಟು ಹೆಚ್ಚಿತ್ತು.

ಇಷ್ಟಾದರೂ ಫಲಿತಾಂಶದ ಹಾಳೆಯ ನೆತ್ತಿಯಲ್ಲಿ ಬರೆಯುವುದು ಒಂದೇ ಹೆಸರು. ತಂಡವಾಗಿ ಕಾಲದೊಡನೆ ಓಡುವ ಪಂದ್ಯವಾದರೆ ಪದಕವೂ ತಂಡದ್ದೇ. ಎಲ್ಲರೂ ಒಟ್ಟಿಗೆ ಹೊರಡುವ ರಸ್ತೆ ಪಂದ್ಯದಲ್ಲಿ ಮಾತ್ರ ದುಡಿಮೆ ಹಲವರದು, ಪದಕ ಒಬ್ಬನದು. ನಾಯಕನಿಗಾಗಿ ದುಡಿಯುವವನನ್ನು ಫ್ರೆಂಚರು 'ಡೊಮೆಸ್ತಿಕ್', ಎಂದರೆ ಮನೆಯಾಳು, ಎನ್ನುತ್ತಾರೆ. ಟೂರ್ ದ ಫ್ರಾನ್ಸ್ ಪಂದ್ಯದ ಸಂಘಟಕ ಆನ್ರಿ ದೆಗ್ರಾಂಜ್ 1911ರಲ್ಲಿ ಮೊರಿಸ್ ಬ್ರೊಕೊ ಎಂಬ ಸವಾರನನ್ನು ಹೀಗಳೆಯಲು ಆಡಿದ ಮಾತದು. ಬೈಗುಳವೇ ಮುಂದೆ ವೃತ್ತಿಯ ಹೆಸರಾಯಿತು.

ಅದೇ ಪಂದ್ಯದಲ್ಲಿ, 1934ರಲ್ಲಿ, ರೆನೆ ವಿಯೆಟ್ಟೊ ಎಂಬ ಇಪ್ಪತ್ತರ ತರುಣನಿದ್ದ. ಪಿರನೀಸ್ ಪರ್ವತಗಳಲ್ಲಿ ತಂಡದ ನಾಯಕ ಆಂತೊನಿನ್ ಮಾನ್ಯ್‌ನ ಗಾಲಿ ಕೆಟ್ಟಿತು. ವಿಯೆಟ್ಟೊ ತನ್ನ ಮುಂದಿನ ಗಾಲಿಯನ್ನೇ ಬಿಚ್ಚಿಕೊಟ್ಟ. ಬೇರೆ ಗಾಲಿಗಾಗಿ ಕಾಯುತ್ತ, ರಸ್ತೆಬದಿಯ ಕಲ್ಲುಗೋಡೆಯ ಮೇಲೆ ಕಣ್ಣೀರಿಡುತ್ತ ಕುಳಿತ ಅವನ ಛಾಯಾಚಿತ್ರ ಇಂದಿಗೂ ಪ್ರಸಿದ್ಧ. ಮಾನ್ಯ್ ಆ ವರ್ಷದ ಟೂರ್ ಗೆದ್ದ. ವಿಯೆಟ್ಟೊ ಐದನೆಯವನಾದ, ಮುಂದೆಯೂ ಅವನಿಗೆ ಆ ಗೆಲವು ಒಲಿಯಲಿಲ್ಲ.

ಜನ ಈ ಕಥೆಯನ್ನು ತ್ಯಾಗದ ಕಥೆಯೆಂದು ಕೊಂಡಾಡುತ್ತಾರೆ. ನನಗೆ ಆ ಕೊಂಡಾಟದ ಬಗ್ಗೆ ಸ್ವಲ್ಪ ಅಂಜಿಕೆ. ತ್ಯಾಗವನ್ನು ಹೊಗಳುವುದು ಸುಲಭ, ಅದರ ಸಾಲವನ್ನು ತೀರಿಸುವುದು ಕಷ್ಟ. ನಮ್ಮ ಸೀಮೆಯಲ್ಲಿ ಸೈಕಲ್ ಏರುವ ಹುಡುಗರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿಯ ರೈತರ ಮಕ್ಕಳು. ಕ್ರೀಡಾ ಮೀಸಲಿನಡಿ ರೈಲ್ವೆಯಲ್ಲೋ ಸೇನೆಯಲ್ಲೋ ನೌಕರಿ ದೊರೆತೀತೆಂಬ ಆಸೆ ಮನೆಮಂದಿಗೆಲ್ಲ ಇರುತ್ತದೆ. ಅರ್ಜಿಯಲ್ಲಿ ಕೇಳುವುದು ಯಾವ ಪಂದ್ಯ, ಎಷ್ಟನೆಯ ಸ್ಥಾನ ಎಂದು. ನೂರು ಕಿಲೋಮೀಟರ್ ಗಾಳಿ ಕುಡಿದು ಗೆಳೆಯನನ್ನು ಗೆಲ್ಲಿಸಿ ತಾನು ನಲವತ್ತನೆಯವನಾಗಿ ಬಂದೆ ಎಂದು ಬರೆಯಲು ಅಲ್ಲಿ ಜಾಗವಿಲ್ಲ. ಹದಿನೇಳರ ಹುಡುಗನಿಗೆ 'ನೀನು ತಂಡಕ್ಕಾಗಿ ದುಡಿ' ಎಂದು ಆಜ್ಞೆ ಮಾಡುವಾಗ ನಾವು ಅವನ ಒಂದು ದಿನದ ಶ್ರಮವನ್ನಷ್ಟೇ ಕೇಳುತ್ತಿಲ್ಲ. ಅವನ ಮನೆಯ ಆಸೆಯನ್ನೂ ಕೇಳುತ್ತಿದ್ದೇವೆ.

ಹಾಗೆಂದು ಪ್ರತಿಯೊಬ್ಬನೂ ತನಗಾಗಿಯೇ ಓಡಲಿ ಎಂದರೆ ಯಾರೂ ಗೆಲ್ಲಲಾರರು, ಗಾಳಿಯೊಂದೇ ಗೆದ್ದೀತು. ಆದುದರಿಂದ ನನ್ನ ಅರಿಕೆ ಇಷ್ಟೆ: ಮುಯ್ಯಾಳಿನ ನ್ಯಾಯ ರಸ್ತೆಯ ಮೇಲೆಯೇ ಮುಗಿಯದಿರಲಿ. ಬಯಲಿನ ಪಂದ್ಯದಲ್ಲಿ ದುಡಿದವನಿಗಾಗಿ ಏರುಹಾದಿಯ ಪಂದ್ಯದಲ್ಲಿ ಉಳಿದವರು ದುಡಿಯಲಿ. ತಂಡವನ್ನು ಆರಿಸುವವರು ಫಲಿತಾಂಶದ ಹಾಳೆಯನ್ನು ಓದಿದ ಬಳಿಕ ಹುಡುಗರನ್ನೂ ಕೇಳಲಿ. ಯಾರು ಎಷ್ಟು ಎಳೆದರೆಂಬುದು ಹಿಂದೆ ಬಂದವರಿಗೆಲ್ಲ ಗೊತ್ತಿರುತ್ತದೆ. ಗೆದ್ದವನ ಹೆಸರಿನ ಜೊತೆಗೆ ಗೆಲ್ಲಿಸಿದವರ ಹೆಸರನ್ನೂ ಪತ್ರಿಕೆಗಳು ಒಂದು ಸಾಲಿನಲ್ಲಿ ಬರೆಯಲಿ.

ಮುಂದೆ ಎಂದಾದರೂ ನಿಮ್ಮೂರ ರಸ್ತೆಯಲ್ಲಿ ಇಂಥ ಪಂದ್ಯ ಹಾದುಹೋದರೆ, ಮುಂದಿನ ಗುಂಪು ಕಣ್ಮರೆಯಾದೊಡನೆ ಮನೆಯ ಕಡೆ ಹೊರಡಬೇಡಿ. ಕೆಲವು ನಿಮಿಷಗಳ ಮೇಲೆ ಒಬ್ಬ ಹುಡುಗ ತಲೆ ತಗ್ಗಿಸಿ ಒಂಟಿಯಾಗಿ ಬರುತ್ತಾನೆ. ಅವನು ಸೋತವನೆಂದು ತಿಳಿಯಬೇಕಾಗಿಲ್ಲ. ತನ್ನ ಸರದಿಯನ್ನು ಪೂರ್ತಿಯಾಗಿ ಮುಗಿಸಿದವನಿರಬಹುದು. ಅವನಿಗೂ ಒಂದು ಚಪ್ಪಾಳೆ ಸಲ್ಲಲಿ.