ಮುಖ ಬ್ಲರ್ ಮಾಡಿದ್ರೆ ಸಾಕಾ?

ಇವತ್ತು ನಾನೇ ಮಾಡಿದ ಒಂದು ತಪ್ಪಿನ ಕತೆ ಹೇಳ್ತೀನಿ.

ಒಂದು ಸ್ವಯಂಸೇವಾ ಸಂಸ್ಥೆಯ ಇನ್‌ಸ್ಟಾಗ್ರಾಮ್ ಖಾತೆ ನನ್ನ ಕೈಲಿತ್ತು. ಬಾಲಕಿಯರ ಬಾಲಮಂದಿರದಲ್ಲಿ ಸ್ಕೂಲ್ ಬ್ಯಾಗ್ ಹಂಚಿದ್ವಿ. ಒಬ್ಬ ಹುಡುಗಿ ಬ್ಯಾಗ್ ಅಪ್ಪಿಕೊಂಡು ನಿಂತಿದ್ದ ಫೋಟೋ ತೆಗೆದು, ಮುಖ ಬ್ಲರ್ ಮಾಡಿ, 'ಬಾಲ್ಯವಿವಾಹದಿಂದ ಪಾರಾದವಳ ನಗು' ಅಂತ ಬರೆದು ಹಾಕಿದೆ. (ಬ್ಲರ್ ಆದ ಮುಖದಲ್ಲಿ ನಗು ಎಲ್ಲಿ ಕಾಣ್ತಿತ್ತೋ, ನನಗಂತೂ ಹೊಳೀಲಿಲ್ಲ.) ಲೈಕ್‌ಗಳು ಸುರಿದವು. ಅದರ ನಡುವೆ ಒಂದು ಕಾಮೆಂಟ್: 'ಇದು ನಮ್ಮ ಸ್ಕೂಲ್ ಯೂನಿಫಾರ್ಮ್ ಅಲ್ವಾ?' ಅದರ ಕೆಳಗೇ ಇನ್ನೊಬ್ಬರು ಅವಳ ಹೆಸರನ್ನೇ ಬರೆದಿದ್ರು.

ಯಾವ ಮನೆಯವರಿಂದ ಅವಳನ್ನ ಬಿಡಿಸಿ ತಂದಿದ್ರೋ, ಅವರ ಕೈಲೂ ಫೋನ್ ಇದೆ.

ಡಿಲೀಟ್ ಮಾಡೋ ಹೊತ್ತಿಗೆ ಅದು ಯಾರ್ಯಾರದೋ ವಾಟ್ಸ್ಯಾಪ್ ಸ್ಟೇಟಸ್ ಆಗಿತ್ತು. 'ವಾರ್ಡನ್ ಮೇಡಂ ಒಪ್ಪಿದ್ರು' ಅಂತ ನಮ್ಮ ವಕೀಲರ ಹತ್ರ ಹೇಳಿದೆ. ಅವರು ಬಾಲನ್ಯಾಯ ಕಾಯ್ದೆ, 2015ರ 74ನೇ ಕಲಂ ತೆಗೆದು ಮುಂದಿಟ್ಟರು. ರಕ್ಷಣೆ ಬೇಕಾದ ಮಗುವಿನ ಪ್ರಕರಣದ ಬಗ್ಗೆ ಹೇಳುವಾಗ ಹೆಸರು, ವಿಳಾಸ, ಫೋಟೋ ಅಷ್ಟೇ ಅಲ್ಲ, ಶಾಲೆಯೂ ಗೊತ್ತಾಗಬಾರದು. ಗುರುತು ಹಿಡಿಯೋಕೆ ದಾರಿಯಾಗುವ ಯಾವ ವಿವರವೂ ಕೂಡದು. ಮಗುವಿನ ಹಿತಕ್ಕೆ ಅಂತ ಕಾರಣ ಬರೆದು ಅನುಮತಿ ಕೊಡಬಹುದಾದ್ದು ವಿಚಾರಣೆ ನಡೆಸುವ ಮಕ್ಕಳ ಕಲ್ಯಾಣ ಸಮಿತಿ ಅಥವಾ ಬಾಲನ್ಯಾಯ ಮಂಡಳಿ. ವಾರ್ಡನ್ ಅಲ್ಲ. ಮೀರಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಲೈಂಗಿಕ ದೌರ್ಜನ್ಯದ ಪ್ರಕರಣವಾದ್ರೆ ಪೋಕ್ಸೋ ಕಾಯ್ದೆಯ 23ನೇ ಕಲಂ ಇನ್ನೂ ಬಿಗಿ: ಮನೆಯವರ ವಿವರ, ಏರಿಯಾ ಕೂಡ ಹೇಳೋ ಹಾಗಿಲ್ಲ. ಶಿಕ್ಷೆ 1 ವರ್ಷದವರೆಗೂ ಹೋಗುತ್ತೆ.

ನಮ್ಮ ಮೇಲೆ ಕೇಸ್ ಆಗಲಿಲ್ಲ. ಆದರೆ ಆ ಹುಡುಗಿ ಹದಿನೈದು ದಿನ ಸ್ಕೂಲಿಗೆ ಹೋಗಲಿಲ್ಲ.

ಆಮೇಲೆ ಸಂಸ್ಥೆಯಲ್ಲಿ ಒಂದು ಪುಟದ ನಿಯಮ ಬರೆದ್ವಿ. ಪಾಸ್‌ವರ್ಡ್ ಇಬ್ಬರ ಹತ್ರ ಮಾತ್ರ. ಒಬ್ಬರು ಬರೆದದ್ದನ್ನ ಇನ್ನೊಬ್ಬರು ನೋಡದೆ ಪೋಸ್ಟ್ ಇಲ್ಲ. ಯೂನಿಫಾರ್ಮ್, ಬೋರ್ಡ್, ಲೊಕೇಶನ್ ಕಂಡರೆ ಫೋಟೋ ಬೇಡ. ಕಾಮೆಂಟ್‌ನಲ್ಲಿ ಯಾರಾದ್ರೂ ಹೆಸರು ಹಾಕಿದ್ರೆ ತಕ್ಷಣ ತೆಗೀಬೇಕು. ಸ್ವಯಂಸೇವಕರು ತಮ್ಮ ಸ್ವಂತ ಸ್ಟೇಟಸ್‌ಗೂ ಮಕ್ಕಳ ಫೋಟೋ ಹಾಕೋ ಹಾಗಿಲ್ಲ. ಇದಕ್ಕೇ ಹೆಚ್ಚು ಜಗಳ ಆಗಿದ್ದು.

ಈ ವರ್ಷ ಬರೀ ಬ್ಯಾಗ್‌ಗಳ ಫೋಟೋ ಹಾಕಿದೆ, ಸಾಲಾಗಿ ಜೋಡಿಸಿ. 41 ಲೈಕ್. ಒಬ್ಬ ದಾನಿ ಫೋನ್ ಮಾಡಿ, 'ಮಕ್ಕಳೆಲ್ಲಿ?' ಅಂತ ಕೇಳಿದ್ರು.

'ಕ್ಲಾಸಲ್ಲಿದ್ದಾರೆ ಸಾರ್' ಅಂದೆ.