ಎಂ.ಎಸ್.ಡಬ್ಲ್ಯೂ. ಓದಿದ್ರೆ ಏನು ಕಲೀತೀವಿ? ಒಬ್ಬ ಆಪ್ತ ಸಮಾಲೋಚಕಿಯ ಮಾತು

ಡಿಗ್ರಿ ಮುಗಿಸಿ ಮುಂದೇನು ಅಂತ ಯೋಚಿಸ್ತಿರೋ ಹಲವರು ನನಗೆ ಒಂದೇ ಪ್ರಶ್ನೆ ಕೇಳ್ತಾರೆ: "ಅಕ್ಕಾ, ಕೌನ್ಸೆಲಿಂಗ್ ಓದ್ಬೇಕು ಅಂತಿದೀನಿ, ಹೇಗಿರುತ್ತೆ?" ಅದಕ್ಕೇ ಇವತ್ತಿನ ಮಾತು.

ನಾನು ಅರಸೀಕೆರೆ ಕಡೆಯವಳು. ಬಿ.ಎ. ಆದ ಮೇಲೆ ಎಂ.ಎಸ್.ಡಬ್ಲ್ಯೂ. ಮಾಡಿದೆ, ಅಂದ್ರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ. ಈಗ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕಿ. ಸೀಟು ಸಿಕ್ಕಾಗ ನಮ್ಮಪ್ಪ ಕೇಳಿದ್ರು: "ಜನಕ್ಕೆ ಬುದ್ಧಿ ಹೇಳೋಕೆ ಎರಡು ವರ್ಷ ಓದಬೇಕೇನಮ್ಮ? ನಮ್ಮೂರ ಅರಳಿಕಟ್ಟೆ ಮೇಲೆ ಕೂತಿರೋರು ಬಿಟ್ಟಿಯಾಗೇ ಹೇಳ್ತಾರಲ್ಲ!"

ಅಪ್ಪನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಕೌನ್ಸೆಲಿಂಗ್‌ಗೆ ಕನ್ನಡದಲ್ಲಿ ಎರಡು ಪದ ಓಡಾಡ್ತವೆ. ಒಂದು ಆಪ್ತಸಲಹೆ, ಇನ್ನೊಂದು ಆಪ್ತ ಸಮಾಲೋಚನೆ. ಮೊದಲನೇದರಲ್ಲಿ ‘ಸಲಹೆ’ ಅಂತಲೇ ಇದೆ. ಹಾಗಾಗಿ ಬರೋರೂ "ಏನ್ ಮಾಡ್ಲಿ ಹೇಳಿ ಮೇಡಂ" ಅಂತಲೇ ಕೂರ್ತಾರೆ. ನನಗೆ ಎರಡನೇ ಪದವೇ ಇಷ್ಟ. ಅದರಲ್ಲಿ ಇಬ್ಬರೂ ಕೂತು ಆಲೋಚನೆ ಮಾಡೋ ಅರ್ಥ ಇದೆ.

ಮೊದಲ ಸೆಮಿಸ್ಟರ್‌ನಲ್ಲಿ ನಮ್ಮ ಮೇಡಂ ಒಂದು ಆಟ ಆಡಿಸಿದ್ರು. ಇಬ್ಬಿಬ್ಬರು ಎದುರುಬದುರು ಕೂರಬೇಕು. ಒಬ್ಬರು ತಮ್ಮ ಕಷ್ಟ ಹೇಳಬೇಕು, ಇನ್ನೊಬ್ಬರು ಹತ್ತು ನಿಮಿಷ ಬರೀ ಕೇಳಬೇಕು. "ನಾನಾಗಿದ್ರೆ..." ಅನ್ನಬಾರದು. "ಅಯ್ಯೋ ಪಾಪ" ಅನ್ನಬಾರದು. "ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿತ್ತು" ಅಂತೂ ಅನ್ನಲೇಬಾರದು! ಎರಡು ನಿಮಿಷಕ್ಕೆ ಅರ್ಧ ಕ್ಲಾಸ್ ಔಟ್. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರಲ್ಲೇ ಇದನ್ನ ಪುಸ್ತಕವಾಗಿ ಬರೆದಿದ್ದಾರೆ: ಬಂದವರಿಗೆ ತಮ್ಮ ದಾರಿ ಕಂಡುಕೊಳ್ಳೋ ಶಕ್ತಿ ಇರುತ್ತೆ, ಅದಕ್ಕೆ ಜಾಗ ಮಾಡಿಕೊಡೋದು ನಮ್ಮ ಕೆಲಸ. ಓದೋಕೆ ಅರ್ಧ ಗಂಟೆ ಸಾಕು, ನಾಲಿಗೆ ಪಳಗೋಕೆ ಎರಡು ವರ್ಷ ಹಿಡಿಯುತ್ತೆ.

ಈ ಕೋರ್ಸಿನ ಜೀವ ಇರೋದು ಫೀಲ್ಡ್‌ವರ್ಕ್‌ನಲ್ಲಿ. ನಮಗೆ ವಾರಕ್ಕೆ ಎರಡು ದಿನ ಇತ್ತು. ಆಸ್ಪತ್ರೆ, ಶಾಲೆ, ಬಾಲಮಂದಿರ, ಕೌಟುಂಬಿಕ ಸಲಹಾ ಕೇಂದ್ರ, ಎಲ್ಲಾದರೂ ಹಾಕ್ತಾರೆ. ಸಂಜೆ ಬಂದು ಯಾರು ಏನಂದ್ರು, ನಾನೇನಂದೆ, ಆಗ ನನ್ನ ಮನಸ್ಸಲ್ಲಿ ಏನಿತ್ತು, ಎಲ್ಲ ಬರೀಬೇಕು. ಮೇಡಂ ಓದಿ ಪೆನ್ಸಿಲ್‌ನಲ್ಲಿ ಗೆರೆ ಎಳೀತಿದ್ರು: "ಇಲ್ಲಿ ಯಾಕೆ ಮಾತು ಬದಲಾಯಿಸಿದೆ?"

ಫೀಲ್ಡ್‌ವರ್ಕ್‌ನಲ್ಲಿ ಕಂಡ ಒಬ್ಬರು ಅಕ್ಕನ ವಿಷಯ ಹೇಳ್ತೀನಿ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ಗಂಡ ಕುಡಿದು ಹೊಡೀತಿದ್ದ. ತವರಿಗೆ ಬಂದು ತಿಂಗಳಾಗಿತ್ತು. ಆದರೂ ವಾಪಸ್ ಹೋಗ್ತೀನಿ ಅಂದ್ರು. ಯಾಕಂದ್ರೆ ಮಗಳ ಎಸ್.ಎಸ್.ಎಲ್.ಸಿ. ಪರೀಕ್ಷೆ ಎರಡು ತಿಂಗಳಿದೆ, ಶಾಲೆ ಇರೋದು ಆ ಊರಲ್ಲಿ. ನನಗೆ ಒಳಗೊಳಗೇ "ಬೇಡಾ ಅಕ್ಕಾ" ಅಂತ ಕೂಗಬೇಕು ಅನ್ನಿಸ್ತಿತ್ತು. ನಾವು ಓದೋ ಏಳು ತತ್ವಗಳಲ್ಲಿ ಒಂದು ಸ್ವನಿರ್ಣಯ, ಅಂದ್ರೆ ತೀರ್ಮಾನ ಅವರದ್ದು. ಬೀಸ್ಟೆಕ್ ಅನ್ನೋ ಪಾದ್ರಿ 1957ರ ಪುಸ್ತಕದಲ್ಲಿ ಬರೆದಿದ್ದು. ಪರೀಕ್ಷೆಗೆ ಐದು ಅಂಕದ ಪ್ರಶ್ನೆ.

ಹಾಗಂತ "ನಿಮ್ಮಿಷ್ಟ" ಅಂತ ಕೈತೊಳ್ಕೊಳ್ಳೋದಲ್ಲ. ನಮ್ಮ ಸೂಪರ್‌ವೈಸರ್ ಆ ಅಕ್ಕನ ಜೊತೆ ಒಂದೂವರೆ ಗಂಟೆ ಕೂತ್ರು. ರಾತ್ರಿ ಗಲಾಟೆ ಆದ್ರೆ ಯಾರ ಮನೆ ಬಾಗಿಲು ತಟ್ತೀರ? ಆಧಾರ್, ಪಾಸ್‌ಬುಕ್ ಎಲ್ಲಿದೆ, ತಂಗಿ ಮನೇಲಿಡೋಕೆ ಆಗುತ್ತಾ? ಮಗಳಿಗೆ 112 ಒತ್ತೋಕೆ ಗೊತ್ತಾ? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅದೇ ಮನೇಲಿರೋ ಹಕ್ಕಿದೆ ಅಂತ ಬಿಡಿಸಿ ಹೇಳಿದ್ರು. ಆ ಅಕ್ಕ ಹೋದ್ರು. ಪರೀಕ್ಷೆ ಮುಗಿದ ವಾರ ಮಗಳನ್ನ ಕರ್ಕೊಂಡು ಅವರೇ ಬಂದ್ರು, ಪಾಸ್‌ಬುಕ್ ಸಮೇತ. ಎಲ್ಲ ಕೇಸೂ ಹೀಗಾಗಲ್ಲ. ವಾಪಸ್ ಬರದೇ ಇರೋರ ಬಗ್ಗೆ ನಮಗೆ ಏನೂ ತಿಳಿಯಲ್ಲ. ಅದನ್ನ ಹೊತ್ತುಕೊಂಡು ಮನೆಗೆ ಹೋಗಿ ಅನ್ನ ಸಾರು ಉಣ್ಣೋದನ್ನೂ ಕಲೀಬೇಕಾಗುತ್ತೆ.

ಗುಟ್ಟಿನ ವಿಷಯ ಇನ್ನೂ ಕಷ್ಟ. ಹೇಳಿದ್ದು ಹೊರಗೆ ಹೋಗಲ್ಲ ಅನ್ನೋ ನಂಬಿಕೆ ಇಲ್ಲದೆ ಈ ಕೆಲಸವೇ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಗೌಪ್ಯತೆಯ ಹಕ್ಕಿದೆ. ಆದರೆ ಹದಿನೈದು ವರ್ಷದ ಹುಡುಗಿ ನನ್ನ ಕೈ ಹಿಡ್ಕೊಂಡು "ಅಕ್ಕಾ, ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ" ಅಂದ್ರೆ? ಆಣೆ ಮಾಡೋ ಹಾಗಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್. ಅದಕ್ಕೆ ಮಾತು ಶುರುವಾಗೋ ಮೊದಲೇ ಹೇಳಿಬಿಡ್ತೀನಿ: "ನಿನ್ನ ಮಾತು ನನ್ನ ಹತ್ರಾನೇ ಇರುತ್ತೆ ಪುಟ್ಟಾ. ಆದ್ರೆ ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ರೆ, ಮಕ್ಕಳ ಮೈಗೆ ಯಾರಾದ್ರೂ ತೊಂದರೆ ಕೊಟ್ಟಿದ್ರೆ, ಅದನ್ನ ನಾನೊಬ್ಬಳೇ ಇಟ್ಕೊಳ್ಳೋಕಾಗಲ್ಲ." ಇಷ್ಟು ಹೇಳಿದ ಮೇಲೂ ಒಬ್ಬ ಹುಡುಗಿ ಎಲ್ಲ ಹೇಳಿದ್ಲು. ದೂರು ಹೋದ ಮೇಲೆ ನನ್ನ ಮೇಲೆ ಸಿಟ್ಟಾಗಿ ಎರಡು ವಾರ ಮುಖ ತಿರುಗಿಸಿಕೊಂಡಿದ್ಲು. ಸಿಟ್ಟು ಅವಳ ಹಕ್ಕು. ನಾನು ದಿನಾ ಅದೇ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂತು ಬರ್ತಿದ್ದೆ.

ಭಾಷೆ ಬಗ್ಗೆ ಒಂದು ಮಾತು, ಇದು ಕನ್ನಡ ಮೀಡಿಯಂನವರಿಗೆ. ನಮ್ಮಲ್ಲಿ ಪರೀಕ್ಷೆ ಕನ್ನಡದಲ್ಲಿ ಬರೀಬಹುದಿತ್ತು, ಪುಸ್ತಕ ಮಾತ್ರ ಹೆಚ್ಚಿನವು ಇಂಗ್ಲಿಷಲ್ಲಿ. ಅದಕ್ಕೆ ಹೆದರಬೇಡಿ. ಆಸ್ಪತ್ರೆಗೆ ಬರೋ ಅಜ್ಜಿ "ನನಗೆ ಡಿಪ್ರೆಶನ್" ಅನ್ನಲ್ಲ. "ಎದೆ ಡವಡವ ಅಂತದೆ, ಕೈಕಾಲು ಸೋತು ಬರ್ತದೆ, ಊಟ ಸೇರಲ್ಲ, ಎಲ್ಲಾ ಟೆಸ್ಟೂ ನಾರ್ಮಲ್ಲು ಅಂತಾರೆ ಕಣವ್ವ" ಅಂತಾರೆ. ಅದರೊಳಗೆ ತೀರಿಹೋದ ಮಗ ಇರ್ತಾನೆ, ಅಡವಿಟ್ಟ ಜಮೀನು ಇರುತ್ತೆ. ಇದನ್ನ ಕೇಳಿಸ್ಕೊಳ್ಳೋ ಕಿವಿ ನಿಮಗೆ ಮನೆಯಿಂದಲೇ ಬಂದಿದೆ.

ಈಗ ಫೀಸು ಕಟ್ಟೋ ಮುಂಚಿನ ಲೆಕ್ಕ. ಸೈಕಿಯಾಟ್ರಿಸ್ಟ್ ಅಂದ್ರೆ ಎಂ.ಬಿ.ಬಿ.ಎಸ್. ಮಾಡಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್, ಮಾತ್ರೆ ಬರೆಯೋದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಂದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಬರೀ ಎಂ.ಎಸ್ಸಿ. ಸಾಕಾಗಲ್ಲ. ನಮ್ಮಂಥ ಸಮಾಜಕಾರ್ಯಕರ್ತರನ್ನ 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಕಾಯ್ದೆ ಪಟ್ಟಿಗೆ ಸೇರಿಸಿದೆ. ಸೈಕಾಲಜಿ ದೂರಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ನಡೆಸಬಾರದು ಅಂತ ಯು.ಜಿ.ಸಿ. 2025ರಲ್ಲಿ ಹೇಳಿದೆ. "ಮೂರು ತಿಂಗಳಲ್ಲಿ ಕೌನ್ಸೆಲರ್ ಆಗಿ" ಅನ್ನೋ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತೆ. ಅಂಥದ್ದಕ್ಕೆ ದುಡ್ಡು ಸುರೀಬೇಡಿ.

ಇದನ್ನ ಕೇಳ್ತಿರೋ ನಿಮಗೇ ಯಾರ ಹತ್ರಾನಾದ್ರೂ ಮಾತಾಡಬೇಕು ಅನ್ನಿಸಿದ್ರೆ ಟೆಲಿ ಮಾನಸ್ ಇದೆ, 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕಾಲೇಜು ಆರಿಸೋವಾಗ ಕಟ್ಟಡ ನೋಡಬೇಡಿ. ಫೀಲ್ಡ್‌ವರ್ಕ್ ಎಲ್ಲಿಗೆ ಕಳಿಸ್ತಾರೆ, ಬರೆದಿದ್ದನ್ನ ಮೇಷ್ಟ್ರು ವಾರವಾರ ಓದ್ತಾರಾ ಅಂತ ಕೇಳಿ. ಫೈನಲ್ ಇಯರ್‌ನ ಒಬ್ಬರನ್ನ ಹಿಡಿದು, ನಿಮ್ಮ ಫೀಲ್ಡ್‌ವರ್ಕ್ ಪುಸ್ತಕ ಸ್ವಲ್ಪ ತೋರಿಸ್ತೀರಾ ಅನ್ನಿ. "ಆಗಲ್ಲ" ಅಂದ್ರೆ ಒಳ್ಳೇ ಲಕ್ಷಣ. ಬಂದವರ ಹೆಸರು, ಊರು ಸಮೇತ ತೆರೆದು ತೋರಿಸಿದ್ರೆ, ಥ್ಯಾಂಕ್ಸ್ ಹೇಳಿ ಬೇರೆ ಕಾಲೇಜು ನೋಡಿ.