ಮರಳು ಲಾರಿಯ ಲೆಕ್ಕ



ಸಾಫ್ಟ್‌ವೇರ್ ಕೆಲಸಕ್ಕೆ ಮೂರು ತಿಂಗಳು ರಜೆ ಹಾಕಿ, ಪರಿಸರ ಅಪರಾಧ ತಡೆಯುವ ನೀತಿಗಳನ್ನು ಅಧ್ಯಯನ ಮಾಡುವ ಸಂಸ್ಥೆಯೊಂದರಲ್ಲಿ ಇಂಟರ್ನ್ ಆಗಿದ್ದೆ. ಕಾಡು ಸುತ್ತುವ ಕೆಲಸ ಅಂದುಕೊಂಡಿದ್ದೆ. ಸಿಕ್ಕಿದ್ದು ಕಾಗದದ ರಾಶಿ.

ಮೊದಲು ಓದಲು ಕೊಟ್ಟದ್ದು, ಬಳ್ಳಾರಿ ಗಣಿಗಾರಿಕೆ ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಸಲ್ಲಿಸಿದ ವರದಿ. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಅದಿರು ಸಾಗಿಸಲು ಕೊಟ್ಟ ಪರ್ಮಿಟ್‌ಗಳನ್ನೂ ಬಂದರುಗಳಿಂದ ರಫ್ತಾದ ಅದಿರಿನ ಲೆಕ್ಕವನ್ನೂ ತಾಳೆ ನೋಡಿತ್ತು. 2006ರಿಂದ 2010ರವರೆಗೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ಹಡಗು ಹತ್ತಿತ್ತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿತು.

ಓದುತ್ತಿದ್ದಾಗ ನಮ್ಮ ಹಳ್ಳ ನೆನಪಾಯಿತು. ಶಾಲೆ ಬಿಟ್ಟ ಮೇಲೆ ಸೇತುವೆ ಕಟ್ಟೆಯ ಮೇಲೆ ಕೂತು ಮರಳಿನ ಲಾರಿ ಎಣಿಸುತ್ತಿದ್ದೆವು. ನಮಗದು ಆಟ. ಇವತ್ತು ಹಳ್ಳದಲ್ಲಿ ಬರೀ ಬಂಡೆ. ದಂಡೆಯ ಬಾವಿಗಳು ಬತ್ತಿವೆ. ಯಾವ ದಿನ, ಎಷ್ಟು ಲಾರಿ ಹೋದವು ಎಂದು ಯಾರಾದರೂ ಕೇಳಿದರೆ ತೋರಿಸಲು ಊರಿನಲ್ಲಿ ಒಂದು ಚೀಟಿಯೂ ಇಲ್ಲ.

ಉತ್ತರ ತಪ್ಪಾದರೂ ಪರವಾಗಿಲ್ಲ, ಲೆಕ್ಕದ ಹಂತ ಬರೀರಿ ಎನ್ನುತ್ತಿದ್ದರು ನಮ್ಮ ಗಣಿತದ ಮೇಷ್ಟ್ರು. ನಾವು ಎಣಿಸಿದೆವು, ಬರೆದಿಡಲಿಲ್ಲ.

ಲಾರಿಗೆ ಅಡ್ಡ ನಿಲ್ಲಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ದೊಡ್ಡವರು ದಿನಾಂಕ, ಹೊತ್ತು, ಲಾರಿ ನಂಬರು ಬರೆದಿಡಿ. ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಸೇರಿಸಿ. ಆ ಪಟ್ಟಿಯನ್ನು ಪರ್ಮಿಟ್‌ಗಳ ಜೊತೆ ತಾಳೆ ನೋಡುವ ಕೆಲಸಕ್ಕೆ ನಾನು ಬರುತ್ತೇನೆ.